ಬೆಂಕಿ ರೋಗ ಬಂದ ಗದ್ದೆಗೆ ಯೂರಿಯಾ ಬೇಡ

ನಾಟಿ ಮಾಡಿ ತಿಂಗಳಾದ ಗದ್ದೆ ಕೊಂಚ ಹಳದಿಗೆ ತಿರುಗಿತೆಂದರೆ ಮಂಡ್ಯ ಕಡೆಯ ರೈತರ ಕೈ ಮೊದಲು ಹೋಗುವುದು ಯೂರಿಯಾ ಚೀಲಕ್ಕೆ. ಎರಚಿದ ನಾಲ್ಕೈದು ದಿನಕ್ಕೆ ಪೈರು ಕಡುಹಸಿರಾಗುತ್ತದೆ. ಬದುವಿನ ಮೇಲೆ ಹೋಗುವವರು ಒಂದು ಗಳಿಗೆ ನಿಂತು ನೋಡುತ್ತಾರೆ. ಹತ್ತು ಹದಿನೈದು ದಿನ ಕಳೆಯುವಷ್ಟರಲ್ಲಿ ಅದೇ ಗದ್ದೆಯ ಎಲೆಗಳ ಮೇಲೆ ಕಂದು ಅಂಚಿನ, ನಡುವೆ ಬೂದು ಬಣ್ಣದ ಚುಕ್ಕೆಗಳು ಕಾಣಿಸಿಕೊಂಡರೆ ಬೈಗುಳ ಮೋಡಕ್ಕೆ, ಇಬ್ಬನಿಗೆ, ಬೀಜ ಕೊಟ್ಟವರಿಗೆ ಬೀಳುತ್ತದೆ. ಯೂರಿಯಾದ ಹೆಸರನ್ನು ಯಾರೂ ಎತ್ತುವುದಿಲ್ಲ.

ಬೆಂಕಿ ರೋಗಕ್ಕೂ ಸಾರಜನಕ ಗೊಬ್ಬರಕ್ಕೂ ಇರುವ ನಂಟು ಎಷ್ಟು ಗಟ್ಟಿ ಎಂಬುದಕ್ಕೆ ತಳಿ ಪರೀಕ್ಷೆ ಮಾಡುವ ವಿಜ್ಞಾನಿಗಳೇ ಸಾಕ್ಷಿ. ಹೊಸ ತಳಿ ಈ ರೋಗ ತಡೆಯುತ್ತದೋ ಇಲ್ಲವೋ ತಿಳಿಯಬೇಕಾದರೆ ಅವರು ಅದನ್ನು ಮಡಿಯಲ್ಲಿ ಬಿತ್ತಿ, ಸುತ್ತಲೂ ಎಚ್‌ಆರ್-12ರಂಥ ಬೇಗ ರೋಗ ಹತ್ತಿಸಿಕೊಳ್ಳುವ ತಳಿಯ ಸಾಲು ಹಾಕಿ, ಎಲೆ ಒದ್ದೆಯಾಗಿರುವಂತೆ ನೀರು ಚಿಮುಕಿಸಿ, ಬೇಕೆಂದೇ ಸಾರಜನಕವನ್ನು ಹೆಚ್ಚು ಕೊಡುತ್ತಾರೆ. ರೋಗ ಬರಲಿ ಎಂದು ಅವರು ಮಾಡುವ ಕೆಲಸವನ್ನೇ ನಾವು ಬೆಳೆ ಬರಲಿ ಎಂದು ಮಾಡುತ್ತಿರುತ್ತೇವೆ.

ಹಾಗೆಂದು ಇದು ಯೂರಿಯಾವನ್ನು ಬಿಟ್ಟೇಬಿಡಿ ಎನ್ನುವ ಲೇಖನವಲ್ಲ. ಸಾರಜನಕವಿಲ್ಲದೆ ತೆಂಡೆ ಇಲ್ಲ, ತೆನೆ ಇಲ್ಲ. ಎಷ್ಟು ಹಾಕಬೇಕು ಎಂಬುದನ್ನು ಎಲ್ಲರೂ ಕೇಳುತ್ತಾರೆ. ಯಾವಾಗ ಹಾಕಬಾರದು ಎಂದು ಕೇಳುವವರು ಕಡಿಮೆ. ಬೆಂಕಿ ರೋಗದ ಲೆಕ್ಕದಲ್ಲಿ ಆ ಎರಡನೆಯ ಪ್ರಶ್ನೆಯೇ ದೊಡ್ಡದು.

ಎಲೆಯೊಳಗೆ ಏನಾಗುತ್ತದೆ

ಈ ರೋಗ ತರುವ ಶಿಲೀಂಧ್ರದ ಹಳೆಯ ಹೆಸರು ಪೈರಿಕ್ಯುಲೇರಿಯಾ. ಈಗಿನ ಪುಸ್ತಕಗಳಲ್ಲಿ ಮ್ಯಾಗ್ನಪೋರ್ತೆ ಒರೈಜೆ ಎಂದೂ ಇರುತ್ತದೆ. ಅದರ ಬೀಜಾಣು ಗಾಳಿಯಲ್ಲಿ ಬಂದು ಒದ್ದೆ ಎಲೆಗೆ ಅಂಟುತ್ತದೆ, ಕೆಲವೇ ಗಂಟೆಗಳಲ್ಲಿ ಮೊಳೆಯುತ್ತದೆ. ಮೊಳಕೆಯ ತುದಿಯಲ್ಲಿ ಕಪ್ಪು ಗೋಡೆಯ ಪುಟ್ಟ ಗುಳ್ಳೆಯೊಂದು ಕಟ್ಟುತ್ತದೆ. ಆ ಗುಳ್ಳೆಯೊಳಗೆ ಏಳುವ ಒತ್ತಡ ಕಾರಿನ ಟೈರಿನ ಗಾಳಿಯ ಒತ್ತಡಕ್ಕಿಂತ ಸುಮಾರು 40 ಪಟ್ಟು ಹೆಚ್ಚು. ಆ ಬಲದಲ್ಲೇ ಅದು ಎಲೆಯ ಸಿಪ್ಪೆಯನ್ನು ತೂತು ಮಾಡಿ ಒಳಗಿಳಿಯುತ್ತದೆ. ನಾಲ್ಕೈದು ದಿನಕ್ಕೆ ಚುಕ್ಕೆ ಮೂಡುತ್ತದೆ. ಒಂದೊಂದು ಚುಕ್ಕೆಯೂ ರಾತ್ರಿಗೆ ಸಾವಿರಾರು ಹೊಸ ಬೀಜಾಣುಗಳನ್ನು ಗಾಳಿಗೆ ಬಿಡುತ್ತದೆ. ಮೋಡ ಮುಸುಕಿದ ಹಗಲು, 20 ಡಿಗ್ರಿ ಆಸುಪಾಸಿನ ರಾತ್ರಿ, ಬೆಳಿಗ್ಗೆ ಹೊತ್ತೇರಿದರೂ ಆರದ ಇಬ್ಬನಿ ಅದಕ್ಕೆ ಹೇಳಿಮಾಡಿಸಿದ ಹವೆ.

ಗಿಡ ಸುಮ್ಮನಿರುವುದಿಲ್ಲ. ಶಿಲೀಂಧ್ರ ಬಂದದ್ದು ತಿಳಿಯುತ್ತಲೇ ಜೀವಕೋಶದ ಗೋಡೆಯನ್ನು ದಪ್ಪ ಮಾಡಿಕೊಳ್ಳುತ್ತದೆ, ಕಹಿ ರಾಸಾಯನಿಕಗಳನ್ನು ಉತ್ಪಾದಿಸುತ್ತದೆ, ಕೆಲವೊಮ್ಮೆ ಸೋಂಕು ತಗುಲಿದ ಜೀವಕೋಶವನ್ನೇ ಸಾಯಿಸಿ ಅದರೊಳಗೇ ಶತ್ರುವನ್ನು ಉಪವಾಸ ಕೆಡವುತ್ತದೆ. ಇದಕ್ಕೂ ಮೊದಲು ಮಣ್ಣಿನಿಂದ ಹೀರಿದ ಸಿಲಿಕಾವನ್ನು ಎಲೆಯ ಮೇಲ್ಪದರದಲ್ಲಿ ತುಂಬಿಕೊಂಡು ಗಾಜಿನಂಥ ಗಡಸು ಹೊದಿಕೆ ಮಾಡಿಟ್ಟುಕೊಂಡಿರುತ್ತದೆ. ಭತ್ತದ ಎಲೆ ಕೈ ಕುಯ್ಯುವುದು ಇದರಿಂದಲೇ.

ಒಮ್ಮೆಗೇ ಹೆಚ್ಚು ಸಾರಜನಕ ಸಿಕ್ಕಿದ ಗಿಡ ಬೆಳವಣಿಗೆಯ ಕಡೆಗೆ ವಾಲುತ್ತದೆ. ಎಲೆ ಅಗಲವಾಗಿ, ತೆಳ್ಳಗೆ, ರಸಭರಿತವಾಗಿ ಬರುತ್ತದೆ. ಸಿಲಿಕಾದ ಪಾಲು ಇಳಿಯುತ್ತದೆ. ಎಲೆಯ ರಸದಲ್ಲಿ ಕರಗಿದ ಅಮೈನೋ ಆಮ್ಲಗಳು ಏರುತ್ತವೆ, ಶಿಲೀಂಧ್ರಕ್ಕೆ ಅವೇ ಊಟ. ತೆಂಡೆಗಳು ಒತ್ತಾಗಿ ಗಾಳಿ ಆಡದೆ ಪೈರಿನ ನಡುವೆ ತೇವ ನಿಲ್ಲುತ್ತದೆ. ಫ್ರಾನ್ಸಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸಾರಜನಕ ಹೆಚ್ಚಾದರೆ ಬೆಂಕಿ ರೋಗವೂ ಹೆಚ್ಚುವ ಈ ಗುಣವನ್ನು ಭತ್ತ, ಗೋಧಿ ಎರಡರಲ್ಲೂ ತೋರಿಸಿತು. ಶಿಲೀಂಧ್ರ ಸಿಂಪಡಿಸುವ ಸ್ವಲ್ಪ ಮುಂಚೆ ಸಾರಜನಕ ಕೊಟ್ಟ ಗಿಡಗಳಲ್ಲಿ ಚುಕ್ಕೆಗಳು ಹೆಚ್ಚಿದವು, ಆದರೆ ಎಲ್ಲ ತಳಿಗಳಲ್ಲೂ ಒಂದೇ ಪ್ರಮಾಣದಲ್ಲಲ್ಲ. ಕೆಲವು ತಳಿಗಳು ಯೂರಿಯಾ ಕಂಡರೆ ಬೇಗ ಸೋಲುತ್ತವೆ, ಕೆಲವು ತಡೆದುಕೊಳ್ಳುತ್ತವೆ. ಪಕ್ಕದ ಗದ್ದೆಯವರು ಅಷ್ಟೇ ಗೊಬ್ಬರ ಹಾಕಿಯೂ ಬಚಾವಾದರೆ ಅದಕ್ಕೆ ಇದೂ ಒಂದು ಕಾರಣವಿರಬಹುದು.

ಗೋಧಿ ಬೆಳೆಯದ ಜಿಲ್ಲೆಯಲ್ಲಿ ಗೋಧಿಯ ಮಾತೇಕೆ ಎನ್ನಬಹುದು. ಇದೇ ಶಿಲೀಂಧ್ರದ ಇನ್ನೊಂದು ಬಳಗ 1985ರಲ್ಲಿ ಬ್ರೆಜಿಲಿನ ಪರಾನಾ ರಾಜ್ಯದ ಗೋಧಿಗೆ ಬಿತ್ತು. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶಕ್ಕೆ ಬಂದು ಸುಮಾರು 15,000 ಹೆಕ್ಟೇರ್ ಗೋಧಿಯನ್ನು ಕೆಡಿಸಿತು. ಭತ್ತದ ಬಳಗ ಬೇರೆ, ರಾಗಿಯದು ಬೇರೆ, ಗೋಧಿಯದು ಬೇರೆ. ಕೆಲಸ ಮಾಡುವ ರೀತಿ ಒಂದೇ. ಧಾರವಾಡ, ವಿಜಯಪುರ ಕಡೆಯ ಗೋಧಿಗೆ ಬರುವ ತುಕ್ಕು ರೋಗ ಬೇರೆ ಜಾತಿಯ ಶಿಲೀಂಧ್ರದ್ದಾದರೂ ಸಾರಜನಕ ಅತಿಯಾದ ಹೊಲದಲ್ಲಿ ಅದೂ ಹೀಗೆಯೇ ಹಬ್ಬುತ್ತದೆ.

ನಮ್ಮದೇ ಕಾವೇರಿಯ ಬಯಲಿಗೆ ಈ ರೋಗ ಹೊಸದಲ್ಲ. ಭಾರತದಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಬೆಳೆ ಹಾಳು ಮಾಡಿದ ಮೊದಲ ದಾಖಲೆ 1919ರದು, ಕೆಳಗಿನ ತಂಜಾವೂರು ಮುಖಜ ಭೂಮಿಯದು. ಆಗ ನಮ್ಮ ಕಡೆ ಕನ್ನಂಬಾಡಿ ಕಟ್ಟೆಯ ಕೆಲಸವೇ ಮುಗಿದಿರಲಿಲ್ಲ. ಮುಂದೆ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹರಿದು ರಾಗಿ ಹೊಲಗಳು ಗದ್ದೆಗಳಾದವು. ಆ ನಾಲಾ ಪ್ರದೇಶದ ಬೇಸಾಯವನ್ನು ರೂಪಿಸಿದವರಲ್ಲಿ ಒಬ್ಬರಾದ ಲೆಸ್ಲಿ ಕೋಲ್ಮನ್ ಮೂಲತಃ ಶಿಲೀಂಧ್ರ ತಜ್ಞರು. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದು ಅಡಿಕೆಯ ಕೊಳೆ ರೋಗದ ಬೆನ್ನು ಹತ್ತಿದವರು. ಅವರು ಕೃಷಿ ನಿರ್ದೇಶಕರಾಗಿದ್ದ ಕಾಲದ ಯೋಜನೆಗಳ ಬೆನ್ನಿಗೆ ಬೆಳೆದು ಬಂದದ್ದೇ ಮಂಡ್ಯದ ವಿ.ಸಿ. ಫಾರಂ. ಇವತ್ತಿಗೂ ಜಿಲ್ಲೆಯ ರೈತರು ಭತ್ತ, ರಾಗಿ, ಕಬ್ಬಿನ ಪ್ರಶ್ನೆಗೆ ಹೋಗಿ ನಿಲ್ಲುವುದು ಅಲ್ಲೇ.

ಕೊನೆ ಭಾಗದ ಗದ್ದೆಗಳ ಕಷ್ಟ

ಮಂಡ್ಯದ ಹತ್ತಿರದ ಗದ್ದೆಗೂ ಮದ್ದೂರಿನ ಕೊಪ್ಪ, ಮಳವಳ್ಳಿಯ ಹಲಗೂರು ಕಡೆಯ ಗದ್ದೆಗೂ ಒಂದು ವ್ಯತ್ಯಾಸವಿದೆ. ನಾಲೆಯ ಕೊನೆ ಭಾಗಕ್ಕೆ ನೀರು ತಡವಾಗಿ ಮುಟ್ಟುತ್ತದೆ, ಕಟ್ಟು ಪದ್ಧತಿಯಲ್ಲಿ ಬಿಟ್ಟು ಬಿಟ್ಟು ಬರುತ್ತದೆ. ಇದರಿಂದ ಬೆಂಕಿ ರೋಗಕ್ಕೆ ಎರಡು ಬಾಗಿಲು ತೆರೆಯುತ್ತವೆ.

ಮೊದಲನೆಯದು ತಡನಾಟಿ. ಜುಲೈ ಕೊನೆ, ಆಗಸ್ಟ್ ಮೊದಲಲ್ಲಿ ನಾಟಿಯಾದ ಪೈರು ಅಕ್ಟೋಬರಿನಲ್ಲಿ ತೆನೆ ಬಿಡುತ್ತದೆ. ಸೆಪ್ಟೆಂಬರಿಗೆ ಸರಿದ ನಾಟಿ ತೆನೆ ಬಿಡುವುದು ನವೆಂಬರಿನ ಚಳಿ, ಇಬ್ಬನಿಯ ಹೊತ್ತಿಗೆ. ತೆನೆಯ ಕತ್ತಿಗೆ ಬರುವ ಬೆಂಕಿ ರೋಗಕ್ಕೆ, ಅಂದರೆ ಕುತ್ತಿಗೆ ಬೆಂಕಿಗೆ, ಅದೇ ಸುಗ್ಗಿ.

ಎರಡನೆಯದು ಒಣಗು. ಗದ್ದೆಯಲ್ಲಿ ನೀರು ನಿಂತಿದ್ದಾಗ ಮಣ್ಣಿನ ಸಿಲಿಕಾ ಹೆಚ್ಚು ಕರಗಿ ಬೇರಿಗೆ ಸಿಗುತ್ತದೆ. ನೆಲ ಆರಿ ಬಿರುಕು ಬಿಟ್ಟಾಗ ಆ ಹರಿವು ನಿಲ್ಲುತ್ತದೆ. ಬಾಯಾರಿದ ಗಿಡದ ರೋಗ ತಡೆಯುವ ಶಕ್ತಿಯೂ ಕುಂದುತ್ತದೆ. ಒಣ ನೆಲದ ಭತ್ತಕ್ಕೆ ನೀರು ನಿಂತ ಭತ್ತಕ್ಕಿಂತ ಬೆಂಕಿ ರೋಗ ಹೆಚ್ಚು ಎಂಬುದು ಎಲ್ಲ ಭತ್ತದ ನಾಡುಗಳ ಅನುಭವ. ಹೀಗೆ ಹದಿನೈದು ದಿನ ಒಣಗಿದ ಗದ್ದೆಗೆ ನೀರು ಬಂದ ದಿನವೇ ರೈತರು ಏನು ಮಾಡುತ್ತಾರೆ? ನೀರು ಮತ್ತೆ ನಿಲ್ಲುವ ಮುಂಚೆ ಗೊಬ್ಬರ ಹಾಕಿಬಿಡೋಣ ಎಂದು ಒಂದು ಕಂತಿನ ಜಾಗದಲ್ಲಿ ಎರಡು ಕಂತಿನ ಯೂರಿಯಾ ಎರಚುತ್ತಾರೆ. ಸೊಸೈಟಿಯಲ್ಲಿ ಯೂರಿಯಾ ಸಿಗದೆ ಕಾದು, ಸಿಕ್ಕ ದಿನ ಎಲ್ಲವನ್ನೂ ಒಟ್ಟಿಗೆ ಸುರಿಯುವುದೂ ಇದೇ ಲೆಕ್ಕ. ಅವರನ್ನು ದೂರುವಂತಿಲ್ಲ. ನೀರೂ ಗೊಬ್ಬರವೂ ತಮ್ಮ ಕೈಯಲ್ಲಿಲ್ಲದವರು ಇನ್ನೇನು ಮಾಡಿಯಾರು? ಗಿಡಕ್ಕೆ ಮಾತ್ರ ಇದು ಅತ್ಯಂತ ಕೆಟ್ಟ ಗಳಿಗೆ. ಬರದಿಂದ ಸೊರಗಿದೆ, ಮೈಮೇಲೆ ರಕ್ಷಣೆ ಇಲ್ಲ, ಅಂಥ ಹೊತ್ತಿನಲ್ಲಿ ಎಲೆಗೆ ಒಮ್ಮೆಗೇ ಸಾರಜನಕ ನುಗ್ಗುತ್ತದೆ.

ಹೀಗಾದಾಗ ಮಾಡಬಹುದಾದದ್ದು ಇಷ್ಟು. ನೀರು ಬಂದ ಮೇಲೆ ಎರಡು ಮೂರು ದಿನ ಪೈರು ಚೇತರಿಸಿಕೊಳ್ಳಲು ಬಿಡಿ. ಎಲೆ ನೋಡಿ, ಚುಕ್ಕೆ ಇಲ್ಲವೆಂದು ಖಚಿತವಾದರೆ ಒಂದು ಕಂತು ಮಾತ್ರ ಹಾಕಿ. ತಪ್ಪಿಹೋದ ಕಂತನ್ನು ಸೇರಿಸಿ ಹಾಕಬೇಡಿ. ಒಣಗಿ ಮತ್ತೆ ನೆನೆದ ಮಣ್ಣಿನಲ್ಲಿ ಸಾರಜನಕದ ಒಂದು ಪಾಲು ಹೇಗೂ ಗಾಳಿಗೆ ಹೋಗುತ್ತದೆ, ದುಪ್ಪಟ್ಟು ಹಾಕಿದರೆ ನಷ್ಟವೂ ದುಪ್ಪಟ್ಟಾಗುತ್ತದೆ.

ಚುಕ್ಕೆ ಯಾವುದು ಗೊತ್ತುಮಾಡಿಕೊಳ್ಳಿ

"ಅಣ್ಣ, ಗದ್ದೆಗೆ ರೋಗ ಬಂದದೆ, ಏನಾದ್ರೂ ಔಷಧಿ ಕೊಡಿ" ಎಂದು ಬರಿಗೈಲಿ ಅಂಗಡಿಗೆ ಹೋಗಬೇಡಿ. ಬೇರು ಸಮೇತ ಎರಡು ಬುಡ ಕಿತ್ತುಕೊಂಡು ಹೋಗಿ, ಅಥವಾ ಹೋಗುವ ಮುಂಚೆ ನೀವೇ ನೋಡಿ.

ಬೆಂಕಿ ರೋಗದ ಚುಕ್ಕೆ ಕಣ್ಣಿನಾಕಾರದ್ದು. ಎರಡೂ ತುದಿ ಚೂಪು, ನಡು ಬೂದು, ಅಂಚು ಕಂದು. ಜೋರಾದಾಗ ಚುಕ್ಕೆಗಳು ಕೂಡಿಕೊಂಡು ಗದ್ದೆ ಸುಟ್ಟಂತೆ ಕಾಣುತ್ತದೆ. ಕಂದು ಚುಕ್ಕೆ ರೋಗದ್ದು ಎಳ್ಳುಕಾಳಿನಂಥ ಅಂಡಾಕಾರದ ಚುಕ್ಕೆ, ಎಲೆ ತುಂಬ ಒಂದೇ ಸಮ ಹರಡಿರುತ್ತದೆ. ಈ ವ್ಯತ್ಯಾಸ ಮುಖ್ಯ, ಏಕೆಂದರೆ ಕಂದು ಚುಕ್ಕೆ ಬರುವುದು ಹಸಿದ ಪೈರಿಗೆ. ಸಾರಜನಕ, ಪೊಟ್ಯಾಷ್ ಸಾಲದ, ಸವಕಲು ಮಣ್ಣಿನ ಗದ್ದೆಗಳಲ್ಲಿ ಅದು ಜಾಸ್ತಿ. 1943ರ ಬಂಗಾಳದ ಕ್ಷಾಮದ ಹಿಂದಿನ ವರ್ಷ ಅಲ್ಲಿನ ಭತ್ತವನ್ನು ಕೆಡಿಸಿದ್ದು ಇದೇ ರೋಗ. ಕಂದು ಚುಕ್ಕೆಯನ್ನು ಬೆಂಕಿ ರೋಗವೆಂದು ತಿಳಿದು ಗೊಬ್ಬರ ನಿಲ್ಲಿಸಿದರೂ ಕೆಟ್ಟಿತು, ಬೆಂಕಿ ರೋಗವನ್ನು ಗೊಬ್ಬರದ ಕೊರತೆ ಎಂದು ತಿಳಿದು ಯೂರಿಯಾ ಎರಚಿದರೂ ಕೆಟ್ಟಿತು.

ನೀರಿನ ಮಟ್ಟದ ಬಳಿ ಎಲೆಯ ಕವಚದ ಮೇಲೆ ಶುರುವಾಗಿ, ಹಾವಿನ ಪೊರೆಯಂಥ ಪಟ್ಟೆ ಮಾಡುತ್ತ ಮೇಲೇರುವುದು ಎಲೆ ಕವಚ ಒಣಗುವ ರೋಗ. ಅದಕ್ಕೂ ಯೂರಿಯಾ ಅತಿಯಾದ ಒತ್ತು ನಾಟಿಯ ಗದ್ದೆಯೇ ಇಷ್ಟ.

ತೆನೆ ಬಿಳಿಚಿಕೊಂಡು ಜೊಳ್ಳಾದಾಗ ಇನ್ನೊಂದು ಗೊಂದಲ. ತೆನೆಯನ್ನು ಹಿಡಿದು ಮೆಲ್ಲಗೆ ಎಳೆಯಿರಿ. ಸುಲಭವಾಗಿ ಕಿತ್ತು ಬಂದು, ಬುಡದಲ್ಲಿ ಹುಳು ಕಡಿದ ಗುರುತಿದ್ದರೆ ಕಾಂಡ ಕೊರಕ. ಕಿತ್ತು ಬರದೆ, ತೆನೆಯ ಕತ್ತಿನ ಬಳಿ ಕಪ್ಪು-ಕಂದು ಉಂಗುರದಂತಾಗಿ ಅಲ್ಲೇ ಮುರಿದರೆ ಕುತ್ತಿಗೆ ಬೆಂಕಿ. ಮೊದಲನೆಯದಕ್ಕೆ ಶಿಲೀಂಧ್ರನಾಶಕ ಹೊಡೆದರೆ ದುಡ್ಡು ನೀರಿಗೆ ಹಾಕಿದಂತೆ.

ಮೂರು ಅರ್ಧ ಚೀಲ

ನಾಲಾ ಪ್ರದೇಶದ ಮುಂಗಾರು ಭತ್ತಕ್ಕೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 100 ಕಿಲೋ ಸಾರಜನಕ, 50 ಕಿಲೋ ರಂಜಕ, 50 ಕಿಲೋ ಪೊಟ್ಯಾಷ್. ಎಕರೆಗೆ ಇಳಿಸಿದರೆ 40, 20, 20. ಇದನ್ನು ಚೀಲದ ಲೆಕ್ಕಕ್ಕೆ ತರೋಣ. 50 ಕಿಲೋದ ಒಂದು ಚೀಲ ಡಿಎಪಿಯಲ್ಲಿ 23 ಕಿಲೋ ರಂಜಕ, 9 ಕಿಲೋ ಸಾರಜನಕ ಇರುತ್ತದೆ. ರಂಜಕದ ಕೆಲಸ ಅಲ್ಲಿಗೆ ಮುಗಿಯಿತು. ಉಳಿದ 31 ಕಿಲೋ ಸಾರಜನಕಕ್ಕೆ ಬೇಕಾದದ್ದು ಸುಮಾರು 67 ಕಿಲೋ ಯೂರಿಯಾ, ಅಂದರೆ ಈಗಿನ 45 ಕಿಲೋ ಚೀಲದಲ್ಲಿ ಒಂದೂವರೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ 33 ಕಿಲೋ.

ಆ ಒಂದೂವರೆ ಚೀಲವನ್ನು ಮೂರು ಅರ್ಧ ಮಾಡಿ. ನಾಟಿಯ ಹೊತ್ತಿಗೆ ಡಿಎಪಿ ಜೊತೆ ಅರ್ಧ ಚೀಲ, ತೆಂಡೆ ಒಡೆಯುವಾಗ ಅರ್ಧ, ತೆನೆ ಮೊಳೆಯುವಾಗ ಅರ್ಧ. ತೆನೆ ಮೊಳೆಯುವ ಹಂತವನ್ನು ದಿನದ ಲೆಕ್ಕದಲ್ಲಿ ಹಿಡಿಯಹೋದರೆ ತಳಿಯಿಂದ ತಳಿಗೆ ತಪ್ಪುತ್ತದೆ. ದಪ್ಪ ತೆಂಡೆಯೊಂದನ್ನು ಕಿತ್ತು ಬುಡದಿಂದ ಉದ್ದಕ್ಕೆ ಸೀಳಿ ನೋಡಿ. ಒಳಗೆ ಬಿಳಿಯ, ಪುಕ್ಕದಂಥ ಒಂದೆರಡು ಮಿಲಿಮೀಟರಿನ ಮೊಳಕೆ ಕಂಡರೆ ಸಮಯ ಬಂದಿದೆ. ಹೊಡೆ ತುಂಬಿದ ಮೇಲೆ ಯೂರಿಯಾ ಹಾಕಬೇಡಿ. ಕಾಳು ತೂಕ ಬರಲಿ ಎಂದು ಕೆಲವರು ಆಗಲೂ ಒಂದು ಕೈ ಎರಚುತ್ತಾರೆ. ಆ ಯೂರಿಯಾ ಕಾಳಿಗಿಂತ ಕುತ್ತಿಗೆ ಬೆಂಕಿಗೇ ಹೆಚ್ಚು ಉಪಕಾರಿ.

17:17:17ನಂಥ ಮಿಶ್ರ ಗೊಬ್ಬರ ಹಾಕುವವರು ಅದರ ಸಾರಜನಕವನ್ನೂ ಕಳೆದು ಲೆಕ್ಕ ಹಾಕಬೇಕು. ಡಯಾಂಚ, ಸೆಣಬು ಬೆಳೆದು ಮಣ್ಣಿಗೆ ಸೇರಿಸಿದವರು, ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕೊಟ್ಟವರು ಅಷ್ಟೂ ಯೂರಿಯಾ ಹಾಕಬೇಕಿಲ್ಲ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಇನ್ನೂ ನಿಖರ.

ಪೊಟ್ಯಾಷ್ ಬಗ್ಗೆ ಒಂದು ಮಾತು. ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೆ ಸಿಗುವಾಗ ಅದರ ಹಲವು ಪಟ್ಟು ಬೆಲೆಯ ಪೊಟ್ಯಾಷನ್ನು ರೈತರು ಕೈಬಿಡುವುದು ಸಹಜ. ಸರ್ಕಾರದ ಸಬ್ಸಿಡಿಯೇ ಯೂರಿಯಾದ ಕಡೆ ತಕ್ಕಡಿಯನ್ನು ತಗ್ಗಿಸಿಟ್ಟಿದೆ. ಆದರೆ ಸಾರಜನಕ ಹೆಚ್ಚಾಗಿ ಪೊಟ್ಯಾಷ್ ಕಡಿಮೆಯಾದ ಪೈರು ರೋಗಕ್ಕೆ ಇನ್ನಷ್ಟು ಬೇಗ ಬಗ್ಗುತ್ತದೆ. ಎರಡರಲ್ಲಿ ಒಂದನ್ನು ಕಡಿಮೆ ಮಾಡಲೇಬೇಕೆಂದರೆ ಯೂರಿಯಾದ ಒಂದು ಪಾಲನ್ನು ಕಡಿಮೆ ಮಾಡಿ. ಬೆಂಕಿ ರೋಗ ಪದೇ ಪದೇ ಬರುವ ಗದ್ದೆಯಲ್ಲಿ ಪೊಟ್ಯಾಷನ್ನು ಅರ್ಧ ನಾಟಿಗೆ, ಇನ್ನರ್ಧ ತೆನೆ ಮೊಳೆಯುವಾಗ ಕೊಡುವುದು ಒಳ್ಳೆಯದು.

ಹಳದಿ ಕಂಡಾಗ ನಿಜವಾಗಿಯೂ ಸಾರಜನಕ ಬೇಕೋ ಎಂದು ತಿಳಿಯಲು ಎಲೆ ಬಣ್ಣದ ಪಟ್ಟಿ ಎಂಬ ಪ್ಲಾಸ್ಟಿಕ್ ಪಟ್ಟಿ ಇದೆ. ತಿಳಿಹಸಿರಿನಿಂದ ಕಡುಹಸಿರಿನವರೆಗೆ ಮನೆಗಳಿರುತ್ತವೆ. ನಾಟಿಯಾಗಿ ಎರಡು ಮೂರು ವಾರದ ಮೇಲೆ, ಹತ್ತು ದಿನಕ್ಕೊಮ್ಮೆ, ಬೆಳಿಗ್ಗೆ 8ರಿಂದ 10ರೊಳಗೆ ಗದ್ದೆಗಿಳಿದು ಹತ್ತು ಬುಡಗಳಲ್ಲಿ ಪೂರ್ತಿ ಬಿಚ್ಚಿಕೊಂಡ ಮೇಲಿನ ಎಲೆಯನ್ನು ಪಟ್ಟಿಯ ಮೇಲಿಟ್ಟು ನೋಡಬೇಕು. ನಿಮ್ಮ ನೆರಳು ಎಲೆಯ ಮೇಲೆ ಬೀಳುವಂತೆ ನಿಲ್ಲಿ, ಬಿಸಿಲಲ್ಲಿ ಬಣ್ಣ ಮೋಸ ಮಾಡುತ್ತದೆ. ಹತ್ತರಲ್ಲಿ ಆರು ಎಲೆ ನಾಲ್ಕನೇ ಮನೆಗಿಂತ ತಿಳಿಯಾಗಿದ್ದರೆ ಮಾತ್ರ ಮೇಲುಗೊಬ್ಬರ. ನಾಲ್ಕು ಅಥವಾ ಅದಕ್ಕಿಂತ ಕಡುವಿದ್ದರೆ ಚೀಲ ಮನೆಯಲ್ಲೇ ಇರಲಿ. ಸಣ್ಣ ಅಕ್ಕಿಯ ಸುವಾಸನೆ ತಳಿಗಳಿಗೆ ಮೂರನೇ ಮನೆಯೇ ಸಾಕು. ಪಟ್ಟಿ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ವಿಚಾರಿಸಿ. ಗದ್ದೆಯಲ್ಲಿ ಬಳಸುವುದನ್ನು ಒಮ್ಮೆ ಯಾರಾದರೂ ತೋರಿಸಿಕೊಟ್ಟರೆ ಮಕ್ಕಳೂ ಮಾಡುವಂಥ ಕೆಲಸ.

ಯೂರಿಯಾ ಎರಚುವ ದಿನ ಗದ್ದೆಯ ನೀರು ಬಸಿದು ತೆಳುವಾಗಿರಲಿ. ಒಂದೆರಡು ದಿನ ಬಿಟ್ಟು ನೀರು ಕಟ್ಟಿ. ಬೆಳಿಗ್ಗೆ ಇಬ್ಬನಿಯಿಂದ ಒದ್ದೆಯಾದ ಎಲೆಗೆ ಎರಚಬೇಡಿ.

ರೋಗ ಬಂದೇಬಿಟ್ಟರೆ

ಮೊದಲ ಕೆಲಸ, ಬಾಕಿಯಿರುವ ಯೂರಿಯಾ ಕಂತನ್ನು ತಡೆಹಿಡಿಯುವುದು. ಹೊಸದಾಗಿ ಬಂದ ಎಲೆಗಳಲ್ಲಿ ಚುಕ್ಕೆ ಮೂಡುವುದು ನಿಂತ ಮೇಲೆ ಮತ್ತೆ ಹಾಕಬಹುದು, ಅದೂ ಅರ್ಧ ಪ್ರಮಾಣ. ಎರಡನೆಯದು, ಗದ್ದೆ ಒಣಗಲು ಬಿಡಬಾರದು. ಒಂದೆರಡು ಇಂಚು ನೀರು ನಿಲ್ಲಲಿ.

ಔಷಧಿಯಲ್ಲಿ ಲೀಟರ್ ನೀರಿಗೆ ಟ್ರೈಸೈಕ್ಲಜೋಲ್ 75 ಪುಡಿ 0.6 ಗ್ರಾಂ, ಅಥವಾ ಐಸೊಪ್ರೊಥಿಯೋಲೇನ್ 40 ದ್ರಾವಣ 1.5 ಮಿಲಿ ಸಾಮಾನ್ಯವಾಗಿ ಹೇಳುವ ಪ್ರಮಾಣ. ಎಕರೆಗೆ 200 ಲೀಟರ್ ದ್ರಾವಣವಾದರೂ ಬೇಕು. ನಾಲ್ಕು ಕ್ಯಾನಿನಲ್ಲಿ ಎಕರೆ ಮುಗಿಸಿದರೆ ಎಲೆಗೆ ಔಷಧಿ ಮುಟ್ಟಿರುವುದಿಲ್ಲ. ಟ್ರೈಸೈಕ್ಲಜೋಲ್ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಮೇಲೆ ಹೇಳಿದ ಗುಳ್ಳೆಯ ಕಪ್ಪು ಗೋಡೆ ಕಟ್ಟದಂತೆ ತಡೆಯುತ್ತದೆ, ಗೋಡೆಯಿಲ್ಲದ ಗುಳ್ಳೆಗೆ ಎಲೆ ತೂರುವ ಬಲ ಬರುವುದಿಲ್ಲ. ಹಾಗಾಗಿ ಈ ಔಷಧಿ ರೋಗ ಒಳಗಿಳಿಯುವ ಮುಂಚೆ ಬೀಳಬೇಕು. ಈಗಾಗಲೇ ಮೂಡಿದ ಚುಕ್ಕೆ ಮಾಯವಾಗಲಿಲ್ಲವೆಂದು ಎರಡು ದಿನಕ್ಕೆ ಮತ್ತೊಂದು ಡಬ್ಬಿ ತರಬೇಡಿ. ಹೊಸ ಎಲೆ ಶುಭ್ರವಾಗಿದೆಯೇ ಎಂದು ನೋಡಿ. ಇದೇ ಔಷಧಿಯ ಶೇಷಕ್ಕೆ ಯುರೋಪಿಯನ್ ಒಕ್ಕೂಟ 2017ರಲ್ಲಿ ಕಿಲೋ ಅಕ್ಕಿಗೆ 0.01 ಮಿಲಿಗ್ರಾಂ ಎಂಬ ಬಿಗಿ ಮಿತಿ ಹಾಕಿತು. ನಮ್ಮ ಅಕ್ಕಿ ಅಲ್ಲಿಗೆ ಹೋಗದಿದ್ದರೂ ನಮ್ಮ ಮನೆಯವರೇ ಅದನ್ನು ಉಣ್ಣುತ್ತಾರೆ, ಕೊಯ್ಲು ಹತ್ತಿರವಾದಾಗ ಹೊಡೆಯುವುದು ಬೇಡ. ಯಾವ ಔಷಧಿಗೆ ಈಗ ಅನುಮತಿಯಿದೆ ಎಂಬುದು ಬದಲಾಗುತ್ತಿರುತ್ತದೆ. ಚೀಟಿ ಓದಿ, ಬಿಲ್ ಕೇಳಿ ಪಡೆಯಿರಿ, ಸಂದೇಹವಿದ್ದರೆ ಕಿಸಾನ್ ಕಾಲ್ ಸೆಂಟರ್‌ನ 1800-180-1551ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕುತ್ತಿಗೆ ಬೆಂಕಿಯ ವಿಷಯದಲ್ಲಿ ಕಾದು ನೋಡುವ ಆಟ ನಡೆಯುವುದಿಲ್ಲ. ಕತ್ತು ಕಪ್ಪಾದ ಮೇಲೆ ಆ ತೆನೆಗೆ ಔಷಧಿಯೇ ಇಲ್ಲ. ಎಲೆಯಲ್ಲಿ ರೋಗ ಕಂಡಿದ್ದ ಗದ್ದೆಯಾದರೆ, ಇಲ್ಲವೇ ತೆನೆ ಬಿಡುವ ಹೊತ್ತಿಗೆ ಮೋಡ ಇಬ್ಬನಿ ಇದ್ದರೆ, ನೂರರಲ್ಲಿ ಐದು ಹತ್ತು ತೆನೆ ಇಣುಕುತ್ತಿರುವಾಗಲೇ ಒಮ್ಮೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸಿ. ಎರಡನೇ ಸಲ ಬೇರೆ ಗುಂಪಿನ ಔಷಧಿ ಇರಲಿ. ಒಂದನ್ನೇ ಹೊಡೆಯುತ್ತ ಹೋದರೆ ಶಿಲೀಂಧ್ರ ಒಗ್ಗಿಕೊಳ್ಳುತ್ತದೆ.

ರಾಗಿಗೂ ಇದೇ ಕಾಟ

ಮಳವಳ್ಳಿಯ ಖುಷ್ಕಿ ಹೊಲಗಳಲ್ಲಿ, ಮದ್ದೂರಿನ ನೀರು ಹತ್ತದ ದಿಣ್ಣೆಗಳಲ್ಲಿ ಬೆಂಕಿ ರೋಗ ಎಂದರೆ ರಾಗಿಯದು. ತೆನೆಯ ಕತ್ತು ಕಪ್ಪಾಗುತ್ತದೆ, ತೆನೆಯ ಎಸಳುಗಳು ತುದಿಯಿಂದ ಒಣಗುತ್ತವೆ. ಈ ರೋಗದ ಮದ್ದು ಬಹುಪಾಲು ತಳಿಯಲ್ಲೇ ಇದೆ, ಅದರ ಕಥೆಯೂ ಮಂಡ್ಯದ್ದೇ. ವಿ.ಸಿ. ಫಾರಂನಲ್ಲಿ ದುಡಿದ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಆಫ್ರಿಕಾದ ರಾಗಿಯಲ್ಲಿ ಗಟ್ಟಿ ಕಾಂಡದ ಜೊತೆ ಬೆಂಕಿ ರೋಗ ತಡೆಯುವ ಗುಣವೂ ಇತ್ತು. ಆ ಇಂಡಾಫ್ ವಂಶದಿಂದಲೇ ಮುಂದೆ ಜಿಪಿಯು-28 ಬಂತು. ಕುತ್ತಿಗೆ ಮತ್ತು ತೆನೆ ಬೆಂಕಿಯನ್ನು ತಡೆಯುವುದರಲ್ಲಿ ಹೆಸರು ಮಾಡಿ ರಾಜ್ಯದಲ್ಲೆಲ್ಲ ಹಬ್ಬಿದ ತಳಿ ಅದು. ಬೆಂಕಿ ರೋಗ ಕಾಡುವ ಹೊಲಕ್ಕೆ ತಳಿ ಆರಿಸುವಾಗ ಇಳುವರಿಯ ಅಂಕಿ ಕೇಳುವ ಮುಂಚೆ ಇದನ್ನು ಕೇಳಿ. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕಿಲೋ ಸಾರಜನಕ ಸಾಕು. ಎಕರೆಗೆ 20 ಕಿಲೋ ಬಂತು. ಅದರಲ್ಲೂ ಅರ್ಧವನ್ನು ಹದ ಮಳೆ ಬಿದ್ದ ಮೇಲೆ ಕೊಡಿ.

ಭತ್ತದಲ್ಲಿ ತಡೆಯುವ ತಳಿಯನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಒಂದೇ ತಳಿ ಊರೆಲ್ಲ ಹಬ್ಬಿದರೆ ಕೆಲವೇ ವರ್ಷಗಳಲ್ಲಿ ಶಿಲೀಂಧ್ರ ಅದಕ್ಕೆ ತಕ್ಕ ಹೊಸ ಬಳಗ ಕಟ್ಟಿಕೊಳ್ಳುತ್ತದೆ. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಬೇಗ ರೋಗ ಹತ್ತುವ ಅಂಟು ಅಕ್ಕಿಯ ತಳಿಯ ಸಾಲುಗಳನ್ನು ತಡೆಯುವ ಹೈಬ್ರಿಡ್ ತಳಿಯ ನಡುವೆ ಬೆಳೆದಾಗ ಅಂಟು ಅಕ್ಕಿಯ ಬೆಂಕಿ ರೋಗ ಶೇ. 94ರಷ್ಟು ಇಳಿಯಿತು, ಇಳುವರಿ ಶೇ. 89ರಷ್ಟು ಏರಿತು. ಈ ಫಲಿತಾಂಶ ಪ್ರಕಟವಾದದ್ದು 2000ದಲ್ಲಿ. ಒಂದೇ ಗದ್ದೆಯಲ್ಲಿ ಎರಡು ತಳಿ ಬೆಳೆದರೆ ನಮ್ಮ ಕಡೆಯ ಗಿರಣಿಯವರು, ಕೊಯ್ಲಿನ ಯಂತ್ರದವರು ಒಪ್ಪುವುದಿಲ್ಲ, ನಿಜ. ಆದರೆ ಐದು ಎಕರೆಯಿರುವವರು ಎರಡು ಮೂರು ತಳಿ ಹಂಚಿ ನಾಟಿ ಮಾಡಲು ಅಡ್ಡಿಯೇನಿಲ್ಲ. ತಳಿಗಳ ವೈವಿಧ್ಯ ಹೇಗಿರುತ್ತದೆಂದು ಕಣ್ಣಾರೆ ನೋಡಬೇಕೆನ್ನುವವರು ಮಳವಳ್ಳಿ ತಾಲ್ಲೂಕಿನ ಕಿರುಗಾವಲಿಗೆ ಹೋಗಬಹುದು. ಸೈಯದ್ ಘನಿ ಖಾನ್ ಅಲ್ಲಿ ನೂರಾರು ನಾಟಿ ಭತ್ತದ ತಳಿಗಳನ್ನು ಬೆಳೆದು ಉಳಿಸಿಕೊಂಡು ಬಂದಿದ್ದಾರೆ. ರಾಜಮುಡಿಯಂಥ ಎತ್ತರದ ನಾಟಿ ತಳಿಗೆ ಮೂರು ಅರ್ಧ ಚೀಲದ ಲೆಕ್ಕ ಹಿಡಿಯಬೇಡಿ, ಮಲಗಿಬಿಡುತ್ತದೆ.

ಬಿತ್ತನೆಗೆ ಮುಂಚಿನ ಕೆಲಸಗಳನ್ನು ಕೊನೆಗೆ ಹೇಳುತ್ತಿದ್ದೇನೆ, ಮುಂದಿನ ಒಟ್ಲಿಗೆ ಇನ್ನೂ ಹೊತ್ತಿದೆಯಲ್ಲ. ರೋಗ ಬಂದ ಗದ್ದೆಯ ಭತ್ತವನ್ನು ಬೀಜಕ್ಕೆ ಎತ್ತಿಡಬೇಡಿ. ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕದಡಿದ ನೀರಿಗೆ ಬೀಜ ಹಾಕಿ, ತೇಲಿದ ಜೊಳ್ಳನ್ನು ತೆಗೆದು, ಮುಳುಗಿದ್ದನ್ನು ಒಳ್ಳೆಯ ನೀರಲ್ಲಿ ತೊಳೆಯಿರಿ. ಕಿಲೋ ಬೀಜಕ್ಕೆ 10 ಗ್ರಾಂ ಸ್ಯೂಡೋಮೊನಾಸ್ ಪುಡಿ ಅಥವಾ 2 ಗ್ರಾಂ ಕಾರ್ಬೆಂಡಜಿಮ್ ಬೆರೆಸಿ, ಎರಡನ್ನೂ ಒಟ್ಟಿಗೆ ಬೇಡ. ಒಟ್ಲು ಪಾತಿಯನ್ನು ಮರದ ನೆರಳಿನಲ್ಲಿ ಮಾಡಬೇಡಿ, ಸಸಿ ಬೇಗ ಏಳಲಿ ಎಂದು ಯೂರಿಯಾ ಸುರಿಯಬೇಡಿ. ನಾಟಿಗೆ ಹೋಗುವ ಸಸಿಯ ಜೊತೆಗೇ ರೋಗ ಗದ್ದೆಗೆ ಹೋಗುತ್ತದೆ. ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಸಿಕ್ಕಿದರೆ ಪಾತಿಯ ಮಣ್ಣಿಗೆ ಸೇರಿಸಿ. ಹೊಟ್ಟು ಸುಟ್ಟಾಗ ಐದನೇ ಒಂದು ಪಾಲು ಬೂದಿ ಉಳಿಯುತ್ತದೆ, ಆ ಬೂದಿಯಲ್ಲಿ ಬಹುಪಾಲು ಸಿಲಿಕಾ. ಗಿರಣಿಗಳ ಹಿತ್ತಿಲಲ್ಲಿ ಗುಡ್ಡೆಯಾಗಿ ಬಿದ್ದಿರುವುದು ಗದ್ದೆಯಿಂದಲೇ ಹೋದ ಸರಕು. ರೋಗ ಬಂದ ಗದ್ದೆಯ ಹುಲ್ಲನ್ನು ದನಕ್ಕೆ ಹಾಕಿ ಮುಗಿಸಿ ಅಥವಾ ಗೊಬ್ಬರದ ಗುಂಡಿಗೆ ಹಾಕಿ ಚೆನ್ನಾಗಿ ಕೊಳೆಸಿ. ಒಟ್ಲಿನ ಪಕ್ಕದಲ್ಲಿ ಬಣವೆ ಒಟ್ಟಬೇಡಿ. ಒಣಹುಲ್ಲಿನಲ್ಲಿ ಈ ಶಿಲೀಂಧ್ರ ಮುಂದಿನ ನಾಟಿಯವರೆಗೂ ಬದುಕಿರುತ್ತದೆ.